ಅಂಬಲಿ ಗಡಿಗೆ ಹೊತ್ತ ಕಾರು

ಪಾರಿಜಾತ ಎನ್‌ಕ್ಲೇವ್‌ನಲ್ಲಿ ಪಾರಿಜಾತದ ಗಿಡ ಹುಡುಕಿದರೂ ಸಿಗುತ್ತಿರಲಿಲ್ಲ. ಬೀದರಿನ ಅಂಚಿನಲ್ಲಿ ಕೆಂಪು ಕಲ್ಲಿನ ಬಯಲನ್ನು ಸಮ ಮಾಡಿ ಎಬ್ಬಿಸಿದ ಪುಟ್ಟ ಕಾಲೊನಿ ಅದು. ನಡುವೆ ಒಂದು ಡಾಂಬರು ರಸ್ತೆ, ಎರಡೂ ಬದಿಗೆ ಬಂಗಲೆಗಳು, ಬಾಯಿಗೆ ಒಂದು ಕಬ್ಬಿಣದ ಗೇಟು, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ತೂಕಡಿಸುವ ಕಾವಲುಗಾರ. ಡಾಕ್ಟರರು, ಇಂಜಿನಿಯರರು, ದಾಲ್ ಮಿಲ್ಲಿನವರು, ಗುತ್ತಿಗೆದಾರರು, ಎಲ್ಲರೂ ಉಂಡುಟ್ಟು ಸುಖವಾಗಿದ್ದವರು. ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು ಆ ಗೇಟಿನಿಂದ ಈ ಗೋಡೆಯವರೆಗೆ ಹೋಗಿ ಬರುವುದಕ್ಕೆ ವಾಕಿಂಗ್ ಎನ್ನುತ್ತಿದ್ದರು.

ಇಂಥ ಕಡೆ ಮನುಷ್ಯನ ತೂಕವನ್ನು ಕಾರಿನಿಂದ ಅಳೆಯುತ್ತಾರೆಂದು ಹೊರಗಿನವರು ತಿಳಿದಿರುತ್ತಾರೆ. ಅದು ತಪ್ಪು. ಕಾರು ಎಲ್ಲರ ಮನೆಯಲ್ಲೂ ಇತ್ತು, ಇದ್ದದ್ದಕ್ಕೆ ಬೆಲೆ ಎಲ್ಲಿಯದು? ಅಲ್ಲಿ ತೂಕ ಇದ್ದದ್ದು ಹೊಲಕ್ಕೆ. ವಾಕಿಂಗಿನಲ್ಲಿ ‘ನಮ್ಮ ಹೊಲದಾಗ’ ಎಂದು ಮಾತು ಶುರು ಮಾಡುವವರು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು, ಉಳಿದವರು ಹಿಂದೆ. ಹಂಗಾಮಿನ ಮೊದಲ ಫಸಲು ಬಂದಾಗ ಹಸಿ ತೊಗರಿಕಾಯಿಯೋ ಜೋಳದ ಎಳೆ ತೆನೆಯ ಸೀತನಿಯೋ ಒಂದೊಂದು ಬುಟ್ಟಿ ಮನೆಮನೆಗೆ ಹೋಗಬೇಕು, ‘ನಮ್ಮ ಹೊಲದ್ದು’ ಎಂಬ ಮಾತಿನ ಜೊತೆ. ಇಂಜಿನಿಯರ್ ಬಸವಕಿರಣರ ಹೆಂಡತಿ, ಕಾಲೊನಿಯೆಲ್ಲ ಇಂಜಿನಿಯರಮ್ಮ ಎನ್ನುತ್ತಿದ್ದ ಹೆಂಗಸು, ತಮ್ಮ ಕಬ್ಬಿನ ಹೊಲದ ಮಾತು ತೆಗೆದರೆ ಕೇಳುವವರ ಬಾಯಿ ತಾನಾಗಿ ಸಿಹಿಯಾಗಬೇಕು, ಅಷ್ಟು ಹೊತ್ತು ಹೇಳುತ್ತಿದ್ದರು.

ಈ ಕಾಲೊನಿಗೆ ಶ್ರಾವಣದಲ್ಲಿ ಒಕ್ಕಲು ಬಂದವಳು ಸುವರ್ಣಾ. ಗಂಡ ಓಂಪ್ರಕಾಶನದು ಪೇಟೆಯಲ್ಲಿ ಮೋಟರು, ಪೈಪಿನ ದೊಡ್ಡ ಅಂಗಡಿ. ಮೂಲ ಭಾಲ್ಕಿ ಕಡೆಯವರು. ಬಂಗಲೆ ಎದ್ದು ನಿಂತಿತು, ಆದರೆ ಅದಕ್ಕಾಗಿ ಭಾಲ್ಕಿಯ ಹೊಲ ಹೋಯಿತು. ಹೊಲದ ಪಕ್ಕದವನೇ ಆದ ಕೈಲಾಶ ಎಂಬ ಒಕ್ಕಲಿಗ ಅದನ್ನು ಕೊಂಡ. ಖರೀದಿಯ ದಿನ ಸುವರ್ಣಾ ಅಳಲಿಲ್ಲ. ಹೊಸ ಮನೆಯ ಅಡುಗೆಮನೆಗೆ ಯಾವ ಬಣ್ಣದ ಹಾಸುಗಲ್ಲು ಎಂಬ ಯೋಚನೆಯಲ್ಲಿದ್ದಳು. ಅಳು ಬಂದದ್ದು ಆಮೇಲೆ, ಕಾರ್ತಿಕದಲ್ಲಿ, ಇಂಜಿನಿಯರಮ್ಮ ಬಾಗಿಲಿಗೆ ಬಂದು, ನಿಮ್ಮ ಹೊಲ ಎಲ್ಲಿ ಬರ್ತದರಿ ಎಂದು ಕೇಳಿದಾಗ.

ಮಾರಿದೆವು ಎನ್ನಲು ನಾಲಿಗೆ ಏಳಲಿಲ್ಲ. ಭಾಲ್ಕಿ ಕಡೆ ಅದರಿ, ತೊಗರಿ ಹಾಕೀವಿ ಎಂದುಬಿಟ್ಟಳು. ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ, ಮರುವಾರ ಸಂತೆಯಿಂದ ಹಸಿ ತೊಗರಿಕಾಯಿ ತರಿಸಿ, ಮೇಲಿನ ಧೂಳು ಹಾಗೇ ಬಿಟ್ಟು, ಮನೆಮನೆಗೆ ಬುಟ್ಟಿ ಕಳಿಸಿದಳು. ಎಲ್ಲರೂ ಹೊಗಳಿದರು. ಎದುರು ಬಂಗಲೆಯ ಬಿಸ್ಮಿಲ್ಲಾಬೀ ಮಾತ್ರ ಒಂದು ಕಾಯಿ ಸುಲಿದು, ಕಾಳು ಬಾಯಿಗೆ ಹಾಕಿಕೊಂಡು, ಸುವರ್ಣಾಳ ಮುಖ ನೋಡಿ ನಕ್ಕರು. ಕಣ್ಣಿನ ಡಾಕ್ಟರ್ ಅಜರನ ತಾಯಿ ಆಕೆ, ಔರಾದ ತಾಲೂಕಿನ ಚಿಂತಾಕಿಯವರು. ಬಿಳಿ ದುಪಟ್ಟಾ, ಎಲೆ ಅಡಿಕೆಯ ಕೆಂಪು ಬಾಯಿ, ದಖ್ಖನಿ ಬೆರೆಸಿದ ಕನ್ನಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಸುವರ್ಣಾ ಅಂದಿನಿಂದ ಆ ನಗುವಿಗೆ ಹೆದರತೊಡಗಿದಳು.

ಇಷ್ಟಕ್ಕೇ ಮುಗಿದಿದ್ದರೆ ಸುಳ್ಳು ತಣ್ಣಗೆ ಮಲಗಿರುತ್ತಿತ್ತು. ಆದರೆ ಎಳ್ಳಮಾವಾಸ್ಯೆ ಬಂತು.

ಬೀದರ್ ಸೀಮೆಯಲ್ಲಿ ದೀಪಾವಳಿ ಹೋದರೂ ಎಳ್ಳಮಾಸಿ ಹೋಗುವುದಿಲ್ಲ. ಅಂದು ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತದೆ. ಹಸಿ ಕಾಳು, ಸೊಪ್ಪು, ಬದನೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹೊಸ ಗಡಿಗೆಯಲ್ಲಿ ಹುಳಿ ಬಂದ ಅಂಬಲಿ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲ ತುತ್ತು ಎರಚಿ, ಆಮೇಲೆ ಊಟ. ಹೊಲ ಇಲ್ಲದವರನ್ನು ಇದ್ದವರು ಕರೆಯಬೇಕು. ಕರೆದರೆ ಹೋಗಬೇಕು, ಕರೆಯದೆ ಹೋಗಬಾರದು. ಜಾತಿ ಕೇಳುವಂತಿಲ್ಲ. ಇದೆಲ್ಲ ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಬರೆದ ಕಾನೂನಿಗಿಂತ ಗಟ್ಟಿ.

ಸುವರ್ಣಾ ಸಿಕ್ಕಿಬಿದ್ದದ್ದು ಇಲ್ಲಿಯೇ. ಹೊಲ ಇಲ್ಲವೆಂದು ಹೇಳಿದ್ದರೆ ಕಾಲೊನಿಯ ಯಾರಾದರೂ ಕರೆಯುತ್ತಿದ್ದರು. ಇದೆ ಎಂದು ಸಾರಿದವಳನ್ನು ಕರೆಯುವವರು ಯಾರು? ಅತ್ತೆ ಗುರಮ್ಮ ಮದುವೆಯಾಗಿ ಬಂದ ವರ್ಷದಿಂದ ಒಂದು ಅಮಾವಾಸ್ಯೆಯೂ ತಪ್ಪದೆ ಆ ಭಾಲ್ಕಿಯ ಹೊಲಕ್ಕೆ ಅಂಬಲಿ ಗಡಿಗೆ ಹೊತ್ತವಳು. ಸಾಯುವ ಮುಂದೆ ಸೊಸೆಯ ಕೈ ಹಿಡಿದು ಬೇರೇನೂ ಕೇಳಲಿಲ್ಲ, ಗಡಿಗೆ ತಪ್ಪಿಸಬೇಡ ಎಂದಿದ್ದಳು. ತಪ್ಪಿಸುವುದಿಲ್ಲ ಎಂದು ಸುವರ್ಣಾ ಮಾತು ಕೊಟ್ಟಿದ್ದಳು. ಕಾಲೊನಿಯ ಮುಂದೆ ಮಾನ ಹೋಗುವುದು ಒಂದು ಕಡೆ, ಅದನ್ನು ಹೇಗೋ ನುಂಗಬಹುದು. ಸತ್ತವರಿಗೆ ಕೊಟ್ಟ ಮಾತು ಗಂಟಲಿನಲ್ಲಿ ಇಳಿಯುವುದಿಲ್ಲ.

ಹಬ್ಬಕ್ಕೆ ಮುಂಚೆ ಓಂಪ್ರಕಾಶನ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಪರದೆಯ ಮೇಲೆ ಕೈಲಾಶನ ಹೆಸರು. ಓಂಪ್ರಕಾಶ ಎತ್ತಲಿಲ್ಲ. ಹೊಲದ ಜೊತೆ ಬಾವಿಯ ಮೋಟರನ್ನೂ ಕೊಟ್ಟಿದ್ದ, ಅದು ಸುಟ್ಟಿರಬೇಕು, ಹಬ್ಬದಲ್ಲಿ ಯಾಕೆ ತಕರಾರು ಕೇಳುವುದು ಎಂಬುದು ಅವನ ಲೆಕ್ಕ. ಮೋಟರು ಮಾರುವವನಿಗೆ ಜಗತ್ತಿನ ಫೋನುಗಳೆಲ್ಲ ಕೆಟ್ಟ ಮೋಟರಿನ ಫೋನುಗಳೇ. ಸುವರ್ಣಾಳಿಗೂ ಆ ಹೆಸರು ನೋಡಲು ಮನಸ್ಸಿರಲಿಲ್ಲ, ಎತ್ತಿರಿ ಎಂದು ಅವಳೂ ಹೇಳಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕಾಲೊನಿಯೆಲ್ಲ ಭಜ್ಜಿಯ ವಾಸನೆ. ಎಲ್ಲರಿಗಿಂತ ಮೊದಲು ಇಂಜಿನಿಯರಮ್ಮನ ಕಾರು ಹೊರಟಿತು, ಹಿಂದಿನ ಸೀಟಿನಲ್ಲಿ ಬುಟ್ಟಿ, ಅದರ ಮೇಲೆ ಕೆಂಪು ವಸ್ತ್ರ. ಹಿಂದೆಯೇ ಡಾಕ್ಟರ್ ಅಜರನ ಕಾರು. ಸುವರ್ಣಾ ಕಿಟಕಿಯಲ್ಲಿ ನಿಂತು ನೋಡಿದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಕಾವಲುಗಾರನಿಗೂ ಗೊತ್ತಾಗಿಬಿಡುತ್ತದೆ. ಅವಳೂ ಇಳಕಲ್ ಸೀರೆ ಉಟ್ಟಳು. ರಾತ್ರಿಯೇ ಕಾಸಿಟ್ಟ ಅಂಬಲಿಯ ಗಡಿಗೆಗೆ ಬಟ್ಟೆ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತಳು. ಗೇಟಿನ ಬಳಿ ಗಾಜು ಇಳಿಸಿ, ಹೊಲಕ್ಕೆ ಹೋಗಿ ಬರ್ತೇವಪ್ಪ ಎಂದು ಕಾವಲುಗಾರ ಕೇಳದಿದ್ದರೂ ಅವನಿಗೆ ಹೇಳಿದಳು.

ಗೇಟು ದಾಟಿದ ಮೇಲೆ ಓಂಪ್ರಕಾಶ ಕಾರು ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

“ಈಗ ಎಲ್ಲಿಗಿ ಹೊಡೀಲಿ?”

ಭಾಲ್ಕಿ ರಸ್ತೆ ಬೇಡ, ದಾರಿಯುದ್ದ ನೆಂಟರು ಎಂದಳು ಸುವರ್ಣಾ. ಹಾಗಾಗಿ ಕಾರು ಔರಾದ ರಸ್ತೆ ಹಿಡಿಯಿತು. ಎಲ್ಲಿಯಾದರೂ ಯಾರೂ ಇಲ್ಲದ ಒಂದು ಹೊಲದ ಬದುವಿನಲ್ಲಿ ಕೂತು, ನಾಲ್ಕು ಹನಿ ಅಂಬಲಿ ಚೆಲ್ಲಿ ಬರುವುದು ಎಂದು ಅವರ ಉಪಾಯ. ಆದರೆ ಎಳ್ಳಮಾಸಿಯ ದಿನ ಯಾರೂ ಇಲ್ಲದ ಹೊಲ ಎಲ್ಲಿರುತ್ತದೆ? ಟ್ರ್ಯಾಕ್ಟರು, ಟೆಂಪೊ, ಎತ್ತಿನ ಗಾಡಿ, ಒಂದೇ ಮೋಟರ್ ಸೈಕಲ್ಲಿನ ಮೇಲೆ ಇಡೀ ಸಂಸಾರ. ಎರಡೂ ಕಡೆ ತೆನೆ ತುಂಬಿದ ಜೋಳ, ಕಾಲ ಬಳಿ ಹಸಿರು ಕಡಲೆ, ನಡುನಡುವೆ ಹೊಗೆಯಾಡುವ ಕೊಂಪೆಗಳು. ರಸ್ತೆಯಲ್ಲಿ ನಡೆದು ಹೋಗುವವರನ್ನು ಹೊಲದವರು ಕೈ ಬೀಸಿ ಊಟಕ್ಕೆ ಕರೆಯುತ್ತಿದ್ದರು. ಈ ಕಾರನ್ನು ಮಾತ್ರ ಯಾರೂ ಕರೆಯಲಿಲ್ಲ. ಗಾಜಿನೊಳಗೆ ಹೆಂಗಸಿನ ತೊಡೆಯ ಮೇಲೆ ಗಡಿಗೆ ಕಾಣುತ್ತಿತ್ತಲ್ಲ. ಗಡಿಗೆ ಇದ್ದವರಿಗೆ ಹೊಲ ಇದ್ದೇ ಇರುತ್ತದೆ, ಅವರನ್ನು ತಡೆಯಬಾರದು. ಜನ ಗೌರವದಿಂದ ಬದಿಗೆ ಸರಿದು ದಾರಿ ಬಿಟ್ಟರು. ಅಷ್ಟು ಗೌರವದಲ್ಲಿ ಸುವರ್ಣಾಳಿಗೆ ಅಳು ಒತ್ತಿ ಬಂತು.

ಔರಾದ ದಾಟಿ, ಊರಿನ ಹೆಸರೂ ನೋಡದೆ ಚಿಂತಾಕಿಯ ಕಡೆ ತಿರುಗಿದ ಮೇಲೆ ಒಂದು ಬೀಳು ಕಂಡಿತು, ಬೇವಿನ ಗಿಡದ ಕೆಳಗೆ ಬರೀ ಕರಿಕೆ ಹುಲ್ಲು ಬೆಳೆದ ತುಂಡು ನೆಲ. ಕಾರು ನಿಲ್ಲಿಸಿದರು. ಸುವರ್ಣಾ ಸುತ್ತ ನೋಡಿ, ಐದು ಕಲ್ಲು ಆರಿಸಿ ಸಾಲಾಗಿ ಇಟ್ಟಳು. ಸುಣ್ಣದ ಡಬ್ಬಿ ತೆರೆದಳು. ಕೈ ಮುಂದೆ ಹೋಗಲಿಲ್ಲ. ಯಾರದೋ ನೆಲ, ಯಾರದೋ ಕಲ್ಲು. ಗುರಮ್ಮ ಇದ್ದಿದ್ದರೆ, ಕದ್ದು ಪೂಜೆ ಮಾಡಾಕ ಹತ್ತೀಯೇನ ಎನ್ನುತ್ತಿದ್ದಳು. ಡಬ್ಬಿ ಮುಚ್ಚಿ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಓಂಪ್ರಕಾಶನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು, ಮತ್ತೆ ಅವನು ಅದರ ಬಾಯಿ ಮುಚ್ಚಿಸಿದ.

“ಅವ್ವಾರ, ಗಡಗಿ ಇಟ್ಕೊಂಡು ಇಲ್ಲಿ ಬೀಳಿನಾಗ ಯಾಕ ಕುಂತೀರಿ?”

ತಲೆಗೆ ರುಮಾಲು ಸುತ್ತಿದ, ಬಿಳಿ ಮೀಸೆಯ ಒಕ್ಕಲಿಗ. ಪಕ್ಕದ ಹೊಲದಿಂದ ಚರಗ ಚೆಲ್ಲುತ್ತ ಬಂದಿದ್ದ, ಕೈಯಲ್ಲಿ ಇನ್ನೂ ತಟ್ಟೆ ಇತ್ತು. ಹೆಸರು ಹಾವಗೆಪ್ಪ. ಗಾಡಿ ಕೆಟ್ಟದ ಎಂದ ಓಂಪ್ರಕಾಶ. ಎಂಜಿನು ಆಗ ಗುರುಗುಡುತ್ತಲೇ ಇತ್ತು, ಆರಿಸುವುದನ್ನು ಅವನು ಮರೆತಿದ್ದ. ಹಾವಗೆಪ್ಪ ಕಾರನ್ನು ನೋಡಿದ, ಸಾಲಾಗಿಟ್ಟ ಕಲ್ಲುಗಳನ್ನು ನೋಡಿದ. ಊಟಕ್ಕ ಬರ್ರಿ ಎಂದ. ಅವನ ಹಿಂದೆ ಜೋಳದ ಸಾಲಿನಿಂದ ಬಿಳಿ ದುಪಟ್ಟಾ ಒಂದು ಹೊರಬಂತು. ಬಿಸ್ಮಿಲ್ಲಾಬೀ.

ಭೂಮಿ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಸುವರ್ಣಾಳಿಗೆ ಅಂದು ತಿಳಿಯಿತು. ಭಾಲ್ಕಿಯ ಹೊಲಕ್ಕೆ ಹೊರಟವಳು ಚಿಂತಾಕಿಯ ಬೀಳಿನಲ್ಲಿ ಸಿಕ್ಕಿದ್ದಾಳೆ, ಇನ್ನು ಯಾವ ಸುಳ್ಳೂ ಈ ತೂತಿಗೆ ಸಾಲದು. ಬಿಸ್ಮಿಲ್ಲಾಬೀ ಬಂದವರೇ ಅವಳ ರೆಟ್ಟೆ ಹಿಡಿದು ಎಬ್ಬಿಸಿದರು. ನಡಿ ಬೇಟಿ, ಭಜ್ಜಿ ಆರಲಾಕತ್ತದ ಎಂದರು, ಅಷ್ಟೇ.

ಕೊಂಪೆಯ ಮುಂದೆ ಚಾಪೆ ಹಾಸಿತ್ತು. ಹಾವಗೆಪ್ಪನ ಮನೆಯವರು, ಬಿಸ್ಮಿಲ್ಲಾಬೀಯ ಮಗ ಅಜರ, ಸೊಸೆ ನಸ್ರೀನ, ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಸುವರ್ಣಾ ತನ್ನ ಗಡಿಗೆಯನ್ನು ಬಿಚ್ಚಲು ಹೋದಾಗ ಬಿಸ್ಮಿಲ್ಲಾಬೀ ತಡೆದರು, ಅದು ಇಲ್ಲಿಯದಲ್ಲ, ಹಾಗೇ ಇರಲಿ ಎಂದರು. ಸಜ್ಜೆ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟಾಗ ಸುವರ್ಣಾಳಿಗೆ ಹಸಿವು ಎಷ್ಟಿತ್ತೆಂದು ಗೊತ್ತಾಯಿತು. ಏನಾದರೂ ಮಾತಾಡಬೇಕಲ್ಲ ಎಂದು, ನಿಮ್ಮ ಹೊಲ ಭಾಳ ಚಲೋ ಅದರಿ ಖಾಲಾ ಎಂದಳು.

“ನಂದಲ್ಲ ಬೇಟಿ, ಹಾವಗೆಪ್ಪಂದು. ನಾವು ಮಾರಿ ಎಷ್ಟೋ ವರ್ಷ ಆಯ್ತು” ಎಂದರು ಬಿಸ್ಮಿಲ್ಲಾಬೀ, ಉಪ್ಪಿನಕಾಯಿ ಬಡಿಸುತ್ತ.

ಸುವರ್ಣಾಳ ತುತ್ತು ಕೈಯಲ್ಲೇ ನಿಂತಿತು. ಬಿಸ್ಮಿಲ್ಲಾಬೀ ನಿಧಾನವಾಗಿ ಹೇಳಿದರು. ಯಜಮಾನರು ತೀರಿಹೋದ ಮೇಲೆ ಅಜರನ ಓದಿಗಾಗಿ ಹೊಲ ಮಾರಿದ್ದು. ಮಾರಿದ ವರ್ಷ ಎಳ್ಳಮಾಸಿಯ ದಿನ ಔರಾದಿನ ಬಾಡಿಗೆ ಮನೆಯಲ್ಲಿ ಕದ ಹಾಕಿಕೊಂಡು ಕೂತಿದ್ದು. ಆಚೆ ಓಣಿಯೆಲ್ಲ ಹೊಲಕ್ಕೆ ಹೋದ ಸದ್ದು, ಒಳಗೆ ಅಜರನಿಗೆ ಬರೀ ಚಹಾ, ಬನ್ನು.

“ಈ ಹಾವಗೆಪ್ಪ ಬಂದು ಕದಾ ಬಡದ. ಅಲ್ಲಿ ಈಗ ನಂದೇನದಪ್ಪ, ಹೊಲ ನಿಂದು ಅಂದೆ. ಏನಂದ ಗೊತ್ತದೇನು? ಹೊಲ ಕೊಂಡೀನಿ ಅಮ್ಮಾ, ಅಮಾಸಿ ಕೊಂಡಿಲ್ಲ ಅಂದ.”

ಹಾವಗೆಪ್ಪ ನಾಚಿಕೊಂಡು ರುಮಾಲು ಸರಿ ಮಾಡಿಕೊಂಡ. ಅದರಾಗೇನದರಿ, ನಮ್ಮಪ್ಪ ಹಂಗ ಹೇಳಿದ್ದ, ಮಾರಿದವರ ಅಂಬಲಿ ಬೀಳದಿದ್ದರ ಕೊಂಡವನಿಗಿ ಬೆಳಿ ಹತ್ತಂಗಿಲ್ಲ ಎಂದ. ಅವನ ಮಾತಿನಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ಈ ಕಡೆ ಹಳೆ ಒಕ್ಕಲಿಗರು ನಡೆಸಿಕೊಂಡು ಬಂದ ರೀತಿ ಅದು, ಪೇಟೆಯಲ್ಲಿ ಪೈಪು ಮಾರುವವರಿಗೆ ಮರೆತುಹೋಗಿತ್ತು, ಅಷ್ಟೇ.

ಆಗ ಸುವರ್ಣಾ ಅತ್ತಳು. ಎಲ್ಲವನ್ನೂ ಹೇಳಿದಳು, ಹೊಲ ಮಾರಿದ್ದು, ಸಂತೆಯ ತೊಗರಿಕಾಯಿ, ಗುರಮ್ಮನಿಗೆ ಕೊಟ್ಟ ಮಾತು. ಬಿಸ್ಮಿಲ್ಲಾಬೀ ಅವಳ ಬೆನ್ನು ಸವರುತ್ತ ಕೇಳಿದರು.

“ತೊಗರಿಕಾಯಿ ಬಾಡಿದ್ದವು, ಅದು ನನಗ ಅವತ್ತೇ ತಿಳೀತು. ಅದು ಬಿಡು. ನಿಮ್ಮ ಹೊಲ ಕೊಂಡಂವ ಯಾರು? ಅವ ಕರೀಲಿಲ್ಲೇನು?”

ಕರೆಯಲಿಲ್ಲ ಎಂದು ಹೇಳಲು ಬಾಯಿ ತೆರೆದ ಸುವರ್ಣಾ ಗಂಡನ ಕಡೆ ತಿರುಗಿದಳು. ಓಂಪ್ರಕಾಶ ಆಗಲೇ ಜೇಬು ಮುಟ್ಟಿಕೊಂಡು ನೋಡುತ್ತಿದ್ದ. ಅವನ ಮುಖ ಕೆಟ್ಟ ಮೋಟರಿನ ಹಾಗೆ ನಿಂತುಹೋಗಿತ್ತು. ಸುವರ್ಣಾ ಅವನ ಜೇಬಿನಿಂದ ಫೋನು ಕಸಿದುಕೊಂಡು ಕೈಲಾಶನಿಗೆ ತಾನೇ ಹಚ್ಚಿದಳು. ಮೊದಲ ಗಂಟೆಗೇ ಆ ಕಡೆಯಿಂದ ಎತ್ತಿದರು, ನಾನು ಸುವರ್ಣಾ ಎಂದಳು.

“ವೈನಿ, ಮೊನ್ನಿಂದ ಫೋನ್ ಮಾಡ್ಲಾಕತ್ತೀನಿ, ಅಣ್ಣಾವ್ರು ಎತ್ತಲೊಲ್ರು” ಎಂದ ಕೈಲಾಶ. “ಗುರಮ್ಮಾಯಿ ಇಟ್ಟ ಐದು ಕಲ್ಲು ಇಟ್ಟಲ್ಲೇ ಅದಾವ್ರಿ, ನೇಗಲಾ ಹೊಡಿವಾಗೂ ಮುಟ್ಟಿಲ್ಲ. ಸುಣ್ಣ ಹಚ್ಚೂದು ನಿಮ್ಮ ಕೈ. ನೀವು ಬರ್ಲಾರ್ದ ನಾವು ಚರಗ ಹ್ಯಾಂಗ ಚೆಲ್ಲೂದ್ರಿ?”

ಬರ್ತೇವಿ ಎಂದು ಸುವರ್ಣಾ ಫೋನು ಇಟ್ಟಳು. ಬಿಸ್ಮಿಲ್ಲಾಬೀ ಅವಳ ಮುಖವನ್ನು ಎರಡೂ ಕೈಯಿಂದ ಸವರಿ ನೆಟಿಗೆ ಮುರಿದರು. ಹಾವಗೆಪ್ಪ ಅಷ್ಟರಲ್ಲಿ ಒಂದು ಹೊರೆ ಹಸಿ ಕಡಲೆ ಗಿಡ ಕಿತ್ತು ಕಾರಿನ ಡಿಕ್ಕಿಯಲ್ಲಿ ಹಾಕಿದ್ದ. ಆ ಇಬ್ಬರ ಮುಂದೆ ಸುವರ್ಣಾ ಕೈ ಮುಗಿದು ನಿಂತಳು. ಇವರು ಸಿಗದಿದ್ದರೆ ತಾನು ಕಂಡವರ ಬೀಳಿನಲ್ಲಿ ಅಂಬಲಿ ಚೆಲ್ಲಿ, ಮಾತು ಉಳಿಸಿಕೊಂಡೆ ಎಂದು ಸುಳ್ಳೇ ಸಮಾಧಾನಪಟ್ಟು ಮನೆಗೆ ಹೋಗುತ್ತಿದ್ದೆ ಎಂದು ನೆನೆದಳು.

ಓಂಪ್ರಕಾಶ ಆ ದಿನ ಕಾರು ಓಡಿಸಿದ ರೀತಿಯನ್ನು ಬಣ್ಣಿಸುವುದು ಬೇಡ. ಗಡಿಗೆ ಹಿಡಿದುಕೊಂಡವಳಿಗೆ ಗೊತ್ತು. ಭಾಲ್ಕಿ ತಲುಪುವಾಗ ಹೊತ್ತು ವಾಲಿತ್ತು. ಸುತ್ತಲ ಹೊಲದವರು ಉಂಡು, ಮಲಗಿ ಎದ್ದು, ಮಕ್ಕಳ ಗಾಳಿಪಟ ನೋಡುತ್ತ ಕೂತಿದ್ದರು. ಕೈಲಾಶನ ಕೊಂಪೆಯ ಮುಂದೆ ಮಾತ್ರ ಬುಟ್ಟಿಗಳು ಕಟ್ಟಿದ ಹಾಗೇ ಇದ್ದವು. ಹಸಿದ ಮಕ್ಕಳು ಅಜ್ಜಿಯ ಕಣ್ಣು ತಪ್ಪಿಸಿ ಕಡಲೆ ಸುಲಿದು ತಿನ್ನುತ್ತಿದ್ದವು. ಕಾರು ಕಂಡದ್ದೇ ಕೈಲಾಶನ ತಾಯಿ ಎದ್ದು ಬಂದು ಸುವರ್ಣಾಳ ಕೈಯಿಂದ ಗಡಿಗೆ ಇಸಿದುಕೊಂಡಳು. ತಡವಾಯಿತು ಎಂದು ಒಂದು ಮಾತೂ ಅನ್ನಲಿಲ್ಲ. ದಣಿದೀರಿ, ನೀರು ಕುಡೀರಿ ಎಂದಳು, ಬೆಳಗಿನಿಂದ ತಾನೇ ನೀರು ಮುಟ್ಟದವಳು.

ಕಲ್ಲುಗಳು ಬದುವಿನ ಬನ್ನಿ ಗಿಡದ ಕೆಳಗೆ ಇದ್ದವು. ಒಂದಕ್ಕೆ ಗುರಮ್ಮ ಹಚ್ಚಿದ ಹಳೆ ಸುಣ್ಣದ ಕಲೆ ಇನ್ನೂ ಉಳಿದಿತ್ತು. ಅದರ ಮೇಲೆ ಸುವರ್ಣಾ ಹೊಸದು ಬಳಿದಳು. ಕೈಲಾಶ ಮುಂದೆ ಅಂಬಲಿ ಎರಚುತ್ತ, ಓಂಪ್ರಕಾಶ ಹಿಂದೆ ಚರಗದ ಕೂಗು ಹಾಕುತ್ತ, ಇಬ್ಬರೂ ಹೊಲ ಸುತ್ತಿ ಬಂದರು. ಪೇಟೆಯಲ್ಲಿ ಮೋಟರಿನ ದರ ಹೇಳಿ ಹೇಳಿ ಒರಟಾಗಿದ್ದ ಗಂಡನ ಗಂಟಲು ಅಂದು ಮಾವನವರ ಗಂಟಲಿನ ಹಾಗೆ ಕೇಳಿಸಿತು. ಅತ್ತೀ, ತಪ್ಪಲಿಲ್ಲ ಎಂದು ಸುವರ್ಣಾ ಕಲ್ಲಿನ ಮುಂದೆ ಮನಸ್ಸಿನಲ್ಲೇ ಹೇಳಿಕೊಂಡಳು. ಆಮೇಲೆ ತುಂಬಿದ ಹೊಟ್ಟೆಯ ಮೇಲೆ ಇನ್ನೊಂದು ಊಟ ಮಾಡಿದಳು. ನಡುವೆ ಓಂಪ್ರಕಾಶ ಅಂಜುತ್ತ ಮೋಟರಿನ ವಿಷಯ ಕೇಳಿದ. ಚಲೋ ನಡದದರಿ ಎಂದ ಕೈಲಾಶ, ಇನ್ನೊಂದು ರೊಟ್ಟಿ ಹಾಕುತ್ತ.

ಮರುದಿನ ಬೆಳಿಗ್ಗೆ ಪಾರಿಜಾತ ಎನ್‌ಕ್ಲೇವ್ ಮತ್ತೆ ಬೂಟು ಹಾಕಿಕೊಂಡು ಗೇಟಿನಿಂದ ಗೋಡೆಗೆ ನಡೆಯಿತು. ಸುವರ್ಣಾ ಬುಟ್ಟಿಯಲ್ಲಿ ಹಸಿ ಕಡಲೆ ತುಂಬಿಕೊಂಡು ಮನೆಮನೆಗೆ ತಾನೇ ಹೋದಳು. ಒಂದು ಕಟ್ಟು ಚಿಂತಾಕಿಯ ಹಾವಗೆಪ್ಪನ ಹೊಲದ್ದು, ಒಂದು ಕಟ್ಟು ಭಾಲ್ಕಿಯ ಕೈಲಾಶನ ಹೊಲದ್ದು ಎಂದು ಹೇಳಿ ಕೊಟ್ಟಳು. ನಮ್ಮದು ಮಾರಿದೆವು, ಅವರು ಕರೆದು ಉಣ್ಣಿಸಿದರು ಎಂದೂ ಹೇಳಿದಳು. ಕೆಲವರು ಹುಬ್ಬು ಏರಿಸಿದರು. ಏರಿಸಲಿ, ಹುಬ್ಬಿಗೆ ಬಾಡಿಗೆ ಇಲ್ಲ. ಬಿಸ್ಮಿಲ್ಲಾಬೀ ತಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಈಗ ಆ ನಗುವಿಗೆ ಸುವರ್ಣಾ ತಾನೂ ನಕ್ಕಳು.

ಕಡೆಯ ಮನೆ ಇಂಜಿನಿಯರಮ್ಮನದು. ಅವರು ಕಡಲೆಯ ಕಟ್ಟು ತೆಗೆದುಕೊಂಡರು, ಎಂದಿನಂತೆ ಕಬ್ಬಿನ ಮಾತು ತೆಗೆಯಲಿಲ್ಲ. ಒಳಗೆ ಹೋಗಲೂ ಇಲ್ಲ. ಗಿಡದಿಂದ ಒಂದು ಕಾಯಿ ಕಿತ್ತು ಬೆರಳಲ್ಲಿ ಹೊರಳಿಸುತ್ತ ನಿಂತು, ಒಮ್ಮೆ ಹಿಂದೆ ನೋಡಿ, ದನಿ ತಗ್ಗಿಸಿದರು.

“ನಿನ್ನಿ ನಾವು ಕೆರಿ ಏರಿ ಮ್ಯಾಲ ಕಾರಿನಾಗ ಕುಂತು ಉಂಡ್ವಿ, ಸುವರ್ಣಾ. ಹೋದ ವರ್ಷನೂ ಅಷ್ಟೇ. ಖರೇ ಹೇಳ್ರಿ, ಮಾರಿದವರನ್ನ ಕರೀತಾರೇನು?”

ಸುವರ್ಣಾ ಬುಟ್ಟಿ ಕೆಳಗಿಟ್ಟು ಅವರ ಕೈ ಹಿಡಿದುಕೊಂಡಳು.

“ಕರೀತಾರ್ರಿ ಅಕ್ಕಾ. ಫೋನ್ ಬಂದ್ರ ಎತ್ರಿ.”